ಮಂಗಳವಾರದ ಸಾಕ್ಷಿ

ದೊಡ್ಡಕ್ಕನಿಗೆ ಮನುಷ್ಯರ ಮುಖಕ್ಕಿಂತ ಹೊಟ್ಟೆಯೇ ಚೆನ್ನಾಗಿ ನೆನಪಿರುತ್ತದೆ ಎಂದು ಅವಳ ಗಂಡ ಬಂದವರೆದುರೆಲ್ಲ ಗೇಲಿ ಮಾಡುತ್ತಿದ್ದ. ಮಾರ್ಕೆಟ್ಟಿನಲ್ಲಿ ಯಾರಾದರೂ ನಮಸ್ಕಾರ ಎಂದರೆ ಪಿಳಿಪಿಳಿ ನೋಡುತ್ತಾಳಂತೆ. ಅವರು ಅಂಗಿ ಎತ್ತಿ ಹೊಲಿಗೆ ತೋರಿಸಿದರೆ, ‘ಓ, ನೀವಾ! ಹೇಗಿದ್ದೀರಿ?’ ಎನ್ನುತ್ತಾಳಂತೆ. ಇದರಲ್ಲಿ ಅರ್ಧ ಸುಳ್ಳು, ಅರ್ಧ ನಿಜ. ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಮೂವತ್ತೊಂದು ವರ್ಷ ದುಡಿದ ನರ್ಸು ಅವಳು. ಕೊಯ್ಯುವ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರಿಗೂ ಅವಳು ದೊಡ್ಡಕ್ಕ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಅವಳ ಸುಪರ್ದಿಯಲ್ಲಿ ಎರಡು ಬೀಗದ ಒಂದು ಸಣ್ಣ ಕಬ್ಬಿಣದ ಕಪಾಟಿತ್ತು. ಅದರೊಳಗೆ ಫೆಂಟನಿಲ್, ಮಾರ್ಫಿನ್ ಎಂಬ ಬಲವಾದ ನೋವಿನ ಇಂಜೆಕ್ಷನ್ನುಗಳ ಕಿರುಬೆರಳಿನಷ್ಟು ಗಾಜಿನ ಸೀಸೆಗಳು. ಹೊಟ್ಟೆ ಕೊಯ್ದರೂ ಕೊಯ್ದದ್ದು ಗೊತ್ತಾಗದಂತೆ ಮಾಡುವ ಔಷಧಿ ಅದು. ಅದರ ರುಚಿ ಹತ್ತಿದವನಿಗೆ ಅದಿಲ್ಲದ ಪ್ರತಿ ಗಳಿಗೆಯೂ ಕೊಯ್ದಂತಾಗುತ್ತದೆ. ಆದ್ದರಿಂದಲೇ ಕಪಾಟಿನ ಜೊತೆಗೊಂದು ಬುಕ್ಕು. ರೋಗಿಗೆ ಎಷ್ಟು ಕೊಟ್ಟರು, ಎಷ್ಟು ಉಳಿಯಿತು ಎಂದು ಬರೆದು, ಉಳಿದದ್ದನ್ನು ಇಬ್ಬರ ಕಣ್ಣೆದುರಿಗೆ ಸಿಂಕಿಗೆ ಚೆಲ್ಲಬೇಕು. ಚೆಲ್ಲಿದವನದೊಂದು ಸಹಿ, ನೋಡಿದವಳದೊಂದು ಸಹಿ. ನೋಡಿದವಳು ಯಾವಾಗಲೂ ದೊಡ್ಡಕ್ಕ.

ಮೊದಲ ಇಪ್ಪತ್ತು ವರ್ಷ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಆಮೇಲೆ ದಿನಕ್ಕೆ ನಾಲ್ಕಿದ್ದ ಆಪರೇಷನ್ನು ಒಂಬತ್ತಾಯಿತು, ಕೈಗಳು ಮಾತ್ರ ಅಷ್ಟೇ ಉಳಿದವು. ಸಿಂಕಿನ ಹತ್ತಿರ ಹೋಗಿ ನಿಲ್ಲುವುದು ತಪ್ಪಿತು. ‘ಚೆಲ್ಲಿದೆ ಅಕ್ಕ’ ಎಂದರೆ ‘ಸರಿ’ ಎಂದು ಸಹಿ ಹಾಕಿದಳು. ಆಮೇಲೆ ಅದೂ ಹೋಗಿ, ಸಂಜೆ ಟೀ ಕುಡಿಯುತ್ತ ಇಡೀ ದಿನದ್ದಕ್ಕೆ ಒಟ್ಟಿಗೇ ಸಹಿ ಹಾಕುವುದು ರೂಢಿಯಾಯಿತು. ರೂಢಿಯಾದದ್ದು ತಪ್ಪು ಅಂತ ಯಾರಿಗನ್ನಿಸುತ್ತದೆ? ಅವಳಿಗೂ ಅನ್ನಿಸಲಿಲ್ಲ.

ಚೆಲ್ಲುವವನು ಹಾಜರಪ್ಪ. ಅರಿವಳಿಕೆ ಡಾಕ್ಟರ ಕೈಕೆಳಗಿನ ಟೆಕ್ನೀಷಿಯನ್. ಯಂತ್ರ ಸಿದ್ಧಮಾಡುವುದು, ಸಿರಿಂಜುಗಳಿಗೆ ಔಷಧಿ ತುಂಬಿ ಚೀಟಿ ಅಂಟಿಸಿ ಟ್ರೇಯಲ್ಲಿ ಸಾಲಾಗಿ ಇಡುವುದು ಅವನ ಕೆಲಸ. ರಜೆ ಎಂಬುದೇ ಇಲ್ಲದವನೆಂದು ಆ ಅಡ್ಡಹೆಸರು. ಯಾರಿಗೆ ಮದುವೆಗೆ ಹೋಗಬೇಕೋ ಅವರ ಪಾಳಿ ಅವನಿಗೆ, ಯಾರ ಮಗುವಿಗೆ ಜ್ವರವೋ ಅವರ ಪಾಳಿಯೂ ಅವನಿಗೆ. ಎರಡು ವರ್ಷದ ಹಿಂದೆ ಮಣಭಾರದ ರೋಗಿಯೊಬ್ಬನನ್ನು ಮೇಜಿನ ಮೇಲಿಂದ ಎತ್ತುವಾಗ ಅವನ ಬೆನ್ನು ಉಳುಕಿ ತಿಂಗಳು ಮಲಗಿದ್ದ. ಎದ್ದು ಬಂದಮೇಲಂತೂ ಅವನ ದುಡಿಮೆ ದುಪ್ಪಟ್ಟಾಯಿತು. ಆಡಳಿತದವರು ಅವನಿಗೊಂದು ಶಾಲು ಹೊದಿಸಿ ಫೋಟೋ ತೆಗೆಸಿದರು. ಒಂಬತ್ತು ವರ್ಷದ ಹಿಂದೆ ನಡುಗುವ ಕೈಯಲ್ಲಿ ಕೆಲಸಕ್ಕೆ ಸೇರಿದವನನ್ನು ತಿದ್ದಿದವಳು ದೊಡ್ಡಕ್ಕನೇ. ಫೋಟೋದಲ್ಲಿ ಅವನಿಗಿಂತ ಅವಳೇ ಹೆಚ್ಚು ಬೀಗಿದ್ದಳು.

ಅವಳಿಗೊಂದು ಹೆಮ್ಮೆಯಿತ್ತು. ಚಟದವರನ್ನು ಹತ್ತು ಮಾರು ದೂರದಿಂದಲೇ ಗುರುತಿಸುತ್ತೇನೆ ಎಂಬುದು. ಕಲಿತದ್ದು ಪುಸ್ತಕದಿಂದಲ್ಲ. ಅವಳ ಒಡಹುಟ್ಟಿದ ತಮ್ಮ ಕುಡಿದು ಕುಡಿದು ಮೂವತ್ತಾರಕ್ಕೆ ಹೋದ. ಚರಂಡಿ ಪಕ್ಕದಿಂದ ಅವನನ್ನು ಎಷ್ಟು ಸಲ ಎಬ್ಬಿಸಿ ತಂದಳೋ ಲೆಕ್ಕವಿಲ್ಲ. ಹಾಗಾಗಿ ಅವಳ ಮಟ್ಟಿಗೆ ಚಟ ಎಂದರೆ ವಾಸನೆ, ತೂರಾಟ, ತಪ್ಪಿದ ಕೆಲಸ, ಅಡವಿಟ್ಟ ಗಡಿಯಾರ. ಒಗೆದ ಬಟ್ಟೆ ಉಟ್ಟು ಏಳೂವರೆಗೆ ಸರಿಯಾಗಿ ಬಾಗಿಲಲ್ಲಿ ನಿಲ್ಲುವವನ ರೂಪದಲ್ಲಿ ಅದು ಬರಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲವೆನ್ನಿ.

ಕಂಡದ್ದೇನು ಕಡಿಮೆಯೇ? ಬೇಸಗೆಯಲ್ಲೂ ಅವನು ಮಣಿಕಟ್ಟಿನವರೆಗೆ ತೋಳು ಇಳಿಬಿಟ್ಟ ಒಳಂಗಿ ಹಾಕುತ್ತಿದ್ದ. ‘ಎ.ಸಿ. ಚಳಿ ತಡೆಯಲ್ಲ ಅಕ್ಕ’ ಎನ್ನುತ್ತಿದ್ದ. ಎರಡು ಆಪರೇಷನ್ನಿನ ನಡುವೆ ಬಚ್ಚಲಿಗೆ ಹೋದರೆ ಬೇಗ ಬರುತ್ತಿರಲಿಲ್ಲ. ಒಮ್ಮೆ ಸೋದರಮಾವ ತೀರಿಕೊಂಡರೆಂದು ಒಂದು ದಿನ ರಜೆ ಹಾಕಿ ಹೋದವನು ಮಧ್ಯಾಹ್ನಕ್ಕೇ ಓಡಿಬಂದ. ಮೂಗು ಸೋರುತ್ತಿತ್ತು, ಆಕಳಿಕೆಯ ಮೇಲೆ ಆಕಳಿಕೆ, ಕುತ್ತಿಗೆಯ ಮೇಲೆ ಬೆವರು, ಆ ಬೆವರಿನಲ್ಲೇ ಚಳಿಗೆ ಎದ್ದಂತೆ ನಿಂತ ರೋಮ. ದೊಡ್ಡಕ್ಕ ಕನಿಕರದಿಂದ ನೆಗಡಿ ಮಾತ್ರೆ ಕೊಟ್ಟಳು. ಅರ್ಧ ಗಂಟೆಯಲ್ಲಿ ನೆಗಡಿ ಮಂಗಮಾಯ. ತನ್ನ ಕೈಗುಣ ಚೆನ್ನಾಗಿದೆ ಅಂದುಕೊಂಡಳು.

ಅದೇ ವರ್ಷ ರೋಗಿಗಳು ಅಳತೊಡಗಿದರು.

ಆಪರೇಷನ್ ಮುಗಿದು ಎಚ್ಚರವಾಗುವ ಹೊತ್ತಿಗೆ ರೋಗಿಯ ತಲೆಯ ಬಳಿ ನಿಂತು, ಕೆನ್ನೆ ತಟ್ಟಿ ಮಾತಾಡಿಸುವುದು ದೊಡ್ಡಕ್ಕನ ಅಚ್ಚುಮೆಚ್ಚಿನ ಕೆಲಸ. ಮೊದಲೆಲ್ಲ ಅವರು ತೊದಲುತ್ತ ಏಳುತ್ತಿದ್ದರು, ಕೆಲವರು ಹಾಡುತ್ತಲೂ ಏಳುತ್ತಿದ್ದರು. ಈಗ ಹತ್ತರಲ್ಲಿ ಮೂವರು ಕಣ್ಣು ಬಿಡುವ ಮೊದಲೇ ಹಲ್ಲು ಕಚ್ಚುತ್ತಿದ್ದರು. ಆಪರೇಷನ್ ನಡೆಯುವಾಗಲೂ ಅವರ ಎದೆಬಡಿತ ಸುಮ್ಮಸುಮ್ಮನೆ ಏರುತ್ತಿತ್ತು. ಅರಿವಳಿಕೆ ಡಾಕ್ಟರು ಹುಬ್ಬು ಗಂಟಿಕ್ಕಿ ಪ್ರಜ್ಞೆ ತಪ್ಪಿಸುವ ಗ್ಯಾಸು ಹೆಚ್ಚಿಸುತ್ತಿದ್ದರು. ಗಾರೆ ಕೆಲಸದವನೊಬ್ಬ ಅವಳ ಮಣಿಕಟ್ಟು ಹಿಡಿದುಕೊಂಡು, “ನನಗೆ ನೀವು ಏನೂ ಕೊಟ್ಟಿಲ್ಲ” ಎಂದ.

“ಕೊಟ್ಟಿದೀವಪ್ಪ. ಬುಕ್ಕಲ್ಲಿ ಬರೆದಿದೆ.”

“ಬುಕ್ಕಿಗೆ ಕೊಟ್ರೇನು?” ಎಂದ ಅವನು.

“ಕೆಲವರ ಮೈಗೆ ಜಾಸ್ತಿ ಬೇಕಾಗುತ್ತೆ ಅಕ್ಕ” ಎಂದು ಹಾಜರಪ್ಪ ಸಮಾಧಾನ ಹೇಳಿದ್ದ. ಅವಳೂ ಅದನ್ನೇ ಕಲಿತು ಬಂದಬಂದವರಿಗೆಲ್ಲ ಹೇಳಿದಳು. ಸ್ವಲ್ಪ ಸಹಿಸ್ಕೊಳ್ಳಿ, ಕೆಲವರ ಮೈಗೆ ಜಾಸ್ತಿ ಬೇಕಾಗುತ್ತೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂದರೆ ಇದೇ. ತಳ್ಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ದೊಡ್ಡಕ್ಕನ ಪಿತ್ತಕೋಶದಲ್ಲೇ ಕಲ್ಲು ಸಿಕ್ಕಿತು. ಮಂಗಳವಾರ ಆಪರೇಷನ್, ಆಮೇಲೆ ಎರಡು ವಾರ ರಜೆ. ಕಪಾಟಿನ ಬುಕ್ಕಿಗೆ ಸಹಿ ಯಾರು ಹಾಕಬೇಕು? ಅದಕ್ಕೆ ಬೇರೆಯವರನ್ನು ನೇಮಿಸಲು ಆಫೀಸಿನ ಲಿಖಿತ ಆದೇಶ ಬೇಕು. ಕೈಕೆಳಗಿನ ಹೊಸ ನರ್ಸು ಆ ಬುಕ್ಕನ್ನು ಕಂಡರೇ ಹಾವು ತುಳಿದವಳಂತೆ ಹಾರುತ್ತಿದ್ದಳು.

“ಆಫೀಸಿನ ಆರ್ಡರು ಬರೋ ಹೊತ್ತಿಗೆ ನಿಮ್ಮ ಹೊಲಿಗೆ ಬಿಚ್ಚಿರ್ತಾರೆ ಅಕ್ಕ” ಎಂದು ನಕ್ಕ ಹಾಜರಪ್ಪ. “ಕೆಲಸ ನಿಲ್ಲಬಾರದಲ್ಲ. ಬೀಗದ ಕೈ ನನಗೆ ಕೊಟ್ಟು, ನೀವು ಸಹಿ ಮಾಡಿಟ್ಟುಬಿಡಿ. ಉಳಿದದ್ದು ನಾನು ತುಂಬ್ಕೋತೀನಿ.”

ಸೋಮವಾರ ಸಂಜೆ ಟೀ ಕುಡಿಯುತ್ತ ಅವಳು ಖಾಲಿ ಸಾಲುಗಳಿಗೆ ನಾಲ್ಕು ಪುಟ ಸಹಿ ಹಾಕಿದಳು. ಮೂರನೇ ಪುಟದಲ್ಲಿ ಪೆನ್ನು ಕೈಕೊಟ್ಟಿತು. ಅವನೇ ತನ್ನ ಪೆನ್ನು ಕೊಟ್ಟ.

ಮಂಗಳವಾರ ಮೇಜಿನ ಮೇಲೆ ಮಲಗಿದಾಗ ಅವಳಿಗೆ ನಗು ಬಂತು. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಕಂಡ ದೀಪವನ್ನು ಕೆಳಗೆ ಮಲಗಿ ಕಾಣುವುದೇ ಒಂದು ಸೋಜಿಗ. ಹಾಜರಪ್ಪ ಅವಳ ತಲೆಗೆ ಬಟ್ಟೆ ಟೋಪಿ ಸರಿಮಾಡಿ, “ಹೆದರ್ಕೋಬೇಡಿ ಅಕ್ಕ, ನಾನಿದೀನಿ” ಎಂದ. ಅದೇ ಅವಳಿಗೆ ಧೈರ್ಯ.

ಎಚ್ಚರವಾದದ್ದು ನೋವಿಗೆ. ಕಣ್ಣಿಗಿಂತ ಮೊದಲು ಹೊಟ್ಟೆಗೆ ಎಚ್ಚರವಾಗಿತ್ತು. ಕಲ್ಲು ದೊಡ್ಡದೆಂದು ಅಗಲವಾಗಿ ಕೊಯ್ದಿದ್ದರು. ಆ ಕೊಯ್ತದ ಇಂಚಿಂಚೂ ಅವಳಿಗೆ ಬೇರೆಬೇರೆಯಾಗಿ ಗೊತ್ತಾಗುತ್ತಿತ್ತು. ಕೂಗಬೇಕೆಂದರೆ ಉಸಿರು ಎಳೆಯಬೇಕು, ಉಸಿರೆಳೆದರೆ ಹೊಲಿಗೆ ಹರಿದಂತಾಗುತ್ತದೆ. ತಲೆಯ ಬಳಿ ಯಾರೋ ಬಗ್ಗಿದರು.

“ಸ್ವಲ್ಪ ಸಹಿಸ್ಕೊಳ್ಳಿ ಅಕ್ಕ. ಕೆಲವರ ಮೈಗೆ ಜಾಸ್ತಿ ಬೇಕಾಗುತ್ತೆ.”

ಅವಳು ಅವನ ಕಣ್ಣು ನೋಡಿದಳು. ಪರದೆ ಎಳೆದ ಅರೆಗತ್ತಲ ಕೋಣೆ ಅದು. ಅಲ್ಲಿ ಯಾರ ಕಣ್ಣಪಾಪೆಯಾದರೂ ಅಗಲವಾಗಿರಬೇಕು. ಹಾಜರಪ್ಪನದು ಸಾಸಿವೆ ಕಾಳಿನಷ್ಟಿತ್ತು. ಫೆಂಟನಿಲ್ ಮೈಗಿಳಿದವರ ಪಾಪೆ ಹಾಗೆ ಕಿರಿದಾಗುತ್ತದೆಂದು ಹೊಸ ನರ್ಸುಗಳಿಗೆ ಪಾಠ ಹೇಳುತ್ತಿದ್ದವಳು ಅವಳೇ. ಬುಕ್ಕಿನಲ್ಲಿ ಕೊಟ್ಟದ್ದು ಅವಳಿಗೆ, ಇಳಿದದ್ದು ಅವನ ಕಣ್ಣಿಗೆ.

ವಾರ್ಡಿನವರು ಬೇರೆ ಇಂಜೆಕ್ಷನ್ ಕೊಟ್ಟು ಸಂಜೆಯ ಹೊತ್ತಿಗೆ ನೋವು ಹದಕ್ಕೆ ಬಂತು. ಆಗ ಯೋಚನೆ ಶುರುವಾಯಿತು. ಗಾರೆಯವನು ನೆನಪಾದ. ಟೊಂಕ ಮುರಿದ ಮುದುಕಿ ನೆನಪಾದಳು. ‘ಹೆರಿಗೆಯೇ ವಾಸಿಯಾಗಿತ್ತು ಮಗಳೇ’ ಎಂದು ಅತ್ತಿದ್ದಳು. ಮೊಟ್ಟಮೊದಲ ಬಾರಿಗೆ ಅವಳಿಗೆ ಮುಖಗಳು ಒಂದೊಂದಾಗಿ ಕಣ್ಣೆದುರು ಬಂದವು. ಆಮೇಲೆ ಮತ್ತೊಂದು ಹೊಳೆಯಿತು. ಬುಕ್ಕಿನಲ್ಲಿ ಅವಳ ಆಪರೇಷನ್ನಿನ ಸಾಲಿಗೂ ಸಾಕ್ಷಿ ಬೇಕಲ್ಲ. ಆ ಸಾಕ್ಷಿಯ ಸಹಿ ಅವಳದೇ. ಹೊಟ್ಟೆ ತೆರೆದುಕೊಂಡು ಪ್ರಜ್ಞೆಯಿಲ್ಲದೆ ಮಲಗಿದ್ದ ಹೊತ್ತಿನಲ್ಲಿ, ತನಗೆ ಕೊಟ್ಟು ಉಳಿದ ಔಷಧಿ ಸಿಂಕಿಗೆ ಹೋದದ್ದನ್ನು ಕಣ್ಣಾರೆ ಕಂಡೆ ಎಂದು ಅವಳೇ ಬರೆದುಕೊಟ್ಟಿದ್ದಳು.

ಪಕ್ಕದ ಹಾಸಿಗೆಯಲ್ಲಿ ಗರ್ಭಕೋಶದ ಗಡ್ಡೆ ತೆಗೆಸಿಕೊಳ್ಳಲು ಬಂದ ಬಸ್ ಕಂಡಕ್ಟರಮ್ಮ ಇದ್ದಳು. ಗುರುವಾರ ಬೆಳಿಗ್ಗೆ ಮೊದಲ ಆಪರೇಷನ್ ಅವಳದು. ತುಂಬಿದ ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾದ ಹೆಂಗಸು, ಆದರೆ ಸೂಜಿ ಕಂಡರೆ ಮುಖ ಮುಚ್ಚಿಕೊಳ್ಳುತ್ತಿದ್ದಳು.

“ಟಿಕೆಟ್ ತಗೊಂಡಾಗಿದೆ ದೊಡ್ಡಕ್ಕ, ಇನ್ನು ಮಧ್ಯದಲ್ಲಿ ಇಳಿಯೋ ಹಾಗಿಲ್ಲ” ಎಂದು ನಕ್ಕು, ದನಿ ತಗ್ಗಿಸಿ ಕೇಳಿದಳು. “ನಿಜ ಹೇಳಿ, ತುಂಬಾ ನೋವಾಗುತ್ತಾ?”

ಮೂವತ್ತೊಂದು ವರ್ಷ ಈ ಪ್ರಶ್ನೆಗೆ ಅವಳ ಬಾಯಲ್ಲಿ ಉತ್ತರ ಸಿದ್ಧವಿರುತ್ತಿತ್ತು. ಈಗ ನೀರು ಬೇಕೆಂದು ಆ ಕಡೆ ಹೊರಳಿದಳು.

ಬುಧವಾರ ಮಧ್ಯಾಹ್ನ ಹಾಜರಪ್ಪ ಕಿತ್ತಳೆ ಹಣ್ಣು ತಂದ. ಮೆತ್ತೆ ಸರಿಮಾಡಿದ, ಸಿಪ್ಪೆ ಸುಲಿದು ತೊಳೆ ಬಿಡಿಸಿದ. ಕಂಡಕ್ಟರಮ್ಮ ಸ್ನಾನಕ್ಕೆ ಹೋಗಿದ್ದಳು. ದೊಡ್ಡಕ್ಕ ಆರೈಕೆಗೆ ಕೂತಿದ್ದ ಗಂಡನನ್ನು ಹೊರಗೆ ಕಳಿಸಿದಳು.

“ಅಂಗಿ ತೋಳು ಮೇಲೆತ್ತು.”

“ಯಾಕಕ್ಕ?”

“ಎತ್ತೋ.”

ಅವನು ಎತ್ತಲಿಲ್ಲ. ಹಣ್ಣಿನ ತೊಳೆ ಕೈಯಲ್ಲೇ ಉಳಿಯಿತು. ಬೇರೆ ಯಾರದೋ ವಿಷಯ ಹೇಳುವವನಂತೆ ಹೇಳಿದ. “ಮೊದಲು ಬೆನ್ನಿಗೆ ಅಂತ ಮಾತ್ರೆ ಕೊಟ್ಟಿದ್ರು. ಅದು ಮುಗೀತು, ನೋವು ಮುಗೀಲಿಲ್ಲ. ಆಮೇಲೆ ಚೆಲ್ಲೋದನ್ನ ತಗೊಂಡೆ ಅಕ್ಕ. ಚೆಲ್ಲೋದು ಯಾರದೂ ಅಲ್ವಲ್ಲ, ಅದಕ್ಕೇ. ಆಮೇಲೆ ಚೆಲ್ಲೋದು ಸಾಲಲಿಲ್ಲ.”

“ಅವರಿಗೇನು ಕೊಡ್ತಿದ್ದೆ?”

“ಉಪ್ಪುನೀರು. ಸಿರಿಂಜಿಗೆ ಚೀಟಿ ಮಾತ್ರ ಔಷಧಿಯದ್ದೇ.”

“ನನಗೂ?”

ಅವನು ಅತ್ತ. ಸದ್ದಿಲ್ಲದೆ, ಭುಜ ಕುಲುಕದೆ, ಅಭ್ಯಾಸವಿದ್ದವನಂತೆ ಅತ್ತ. “ಬೆನ್ನು ಎಂದೋ ವಾಸಿಯಾಗಿದೆ ಅಕ್ಕ. ಈಗ ಸುಖಕ್ಕೂ ಅಲ್ಲ. ತಗೊಳ್ಳದಿದ್ರೆ ಎರಡು ಗಂಟೆಯೊಳಗೆ ಮೂಳೆ ಮೂಳೆ ಹಿಂಡುತ್ತೆ. ಬಿಟ್ಟೆ, ಮೂರು ಸಲ ಬಿಟ್ಟೆ. ಆ ನೆಗಡಿ ದಿನ ನೆನಪಿದೆಯಾ?”

ಅವಳಿಗೆ ಸಿಟ್ಟು ಬಂತು, ಹೊಡೆಯುವಷ್ಟು ಬಂತು. ಅದರ ಬೆನ್ನಿಗೇ ಚರಂಡಿ ಪಕ್ಕದ ತಮ್ಮ ನೆನಪಾದ. ಆ ಹೊತ್ತಿಗೇ ಗಂಟೆ ಬಾರಿಸಿ ಡಾಕ್ಟರನ್ನು ಕರೆಯಬಹುದಿತ್ತು. ಕರೆಯಲಿಲ್ಲ. ತಾನಾಗಿ ಒಪ್ಪಿಕೊಂಡರೆ ಚಿಕಿತ್ಸೆಗೆ ಕಳಿಸುತ್ತಾರೆ, ಸಿಕ್ಕಿಬಿದ್ದರೆ ಪೊಲೀಸರಿಗೆ ಕೊಡುತ್ತಾರೆ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ನ್ಯಾಯದ ಅಡಿಯಲ್ಲಿ ಅವಳ ಸ್ವಂತ ಭಯವೂ ಕೂತಿತ್ತು. ನಾಲ್ಕು ಪುಟ ಸಹಿ ಹಾಕಿದವಳ ಕೆಲಸ ಉಳಿಯುತ್ತದೆಯೇ, ಪಿಂಚಣಿ ಬರುತ್ತದೆಯೇ?

“ನಾಳೆ ಬೆಳಿಗ್ಗೆ ಎಂಟರೊಳಗೆ, ಆಪರೇಷನ್ ಶುರುವಾಗೋ ಮುಂಚೆ, ನೀನೇ ಡಾಕ್ಟರಿಗೆ ಹೇಳ್ಬೇಕು. ಇಲ್ಲಾಂದ್ರೆ ನಾನು ಹೇಳ್ತೀನಿ.”

“ನಿಮ್ಮಾಣೆ ಹೇಳ್ತೀನಿ ಅಕ್ಕ” ಎಂದು ಅವನು ಅವಳ ಪಾದ ಹಿಡಿದ. ಆ ಕೈ ಒದ್ದೆಯಾಗಿತ್ತು. ಅವಳು ಮತ್ತೆ ನಂಬಿದಳು. ಕಣ್ಣಿಂದ ನೋಡದೆ ಹಾಕಿದ ಇನ್ನೊಂದು ಸಹಿ ಅದು.

ಗುರುವಾರ ಏಳೂ ಐವತ್ತಕ್ಕೆ ಕಂಡಕ್ಟರಮ್ಮನನ್ನು ಕರೆದೊಯ್ಯಲು ಗಾಲಿ ಮಂಚ ಬಂತು. ದೊಡ್ಡಕ್ಕ ತಳ್ಳುವವನನ್ನು ನಿಲ್ಲಿಸಿ ಕೇಳಿದಳು. “ಒಳಗೆ ಟೆಕ್ನೀಷಿಯನ್ ಯಾರು ಇವತ್ತು?”

“ಇನ್ಯಾರು? ಹಾಜರಪ್ಪ. ಆರೂವರೆಗೇ ಬಂದು ಎಲ್ಲಾ ರೆಡಿ ಮಾಡಿಟ್ಟಿದಾನೆ.”

“ಡಾಕ್ಟರ ಹತ್ರ ಏನಾದ್ರೂ ಮಾತಾಡಿದ್ನಾ?”

“ಮಾತೇನು? ಇಬ್ರೂ ಕಾಫಿ ಕುಡೀತಿದ್ರು.”

ಕಂಡಕ್ಟರಮ್ಮ ಮಂಚದ ಮೇಲಿಂದ ಕೈ ಬೀಸಿ, “ಹೋಗಿ ಬರ್ತೀನಿ. ರೈಟ್ ರೈಟ್” ಎಂದಳು. ಗಾಲಿಗಳು ಕಿರುಗುಟ್ಟುತ್ತ ಓಣಿಯ ತಿರುವಿನಲ್ಲಿ ಮರೆಯಾದವು.

ದೊಡ್ಡಕ್ಕ ಗೋಡೆಯ ಗಡಿಯಾರ ನೋಡಿದಳು. ಎದ್ದು ಕೂತಳು. ಹೊಟ್ಟೆಯ ಮೇಲೆ ದಿಂಬು ಒತ್ತಿಕೊಂಡು, ನೇತುಹಾಕಿದ್ದ ಡ್ರಿಪ್ ಬಾಟಲಿ ಕೈಗೆ ತೆಗೆದುಕೊಂಡು ನೆಲಕ್ಕೆ ಕಾಲಿಟ್ಟಳು. ಗಂಡ ಹೌಹಾರಿದ.

“ಏನೇ ಇದು, ಹೊಲಿಗೆ ಬಿಚ್ಚುತ್ತೆ. ಎಲ್ಲಿಗೆ?”

“ಕೆಲಸಕ್ಕೆ. ಈ ಬಾಟಲಿ ಎತ್ತಿ ಹಿಡ್ಕೊಳ್ರಿ.”

ಥಿಯೇಟರಿಗೆ ಅರವತ್ತು ಹೆಜ್ಜೆ. ದಿನಕ್ಕೆ ಇಪ್ಪತ್ತು ಸಲ ಓಡಾಡಿದ ದಾರಿ ಅಂದು ಮುಗಿಯಲೇ ಇಲ್ಲ. ಗೋಡೆ ಹಿಡಿದು ನಿಂತು ನಿಂತು ನಡೆದಳು. ಪಟ್ಟಿಯ ಕೆಳಗೆ ಏನೋ ಬೆಚ್ಚಗೆ ಒಸರುತ್ತಿತ್ತು. ಬಾಗಿಲ ಮೇಲಿನ ಕೆಂಪು ದೀಪ ಇನ್ನೂ ಹತ್ತಿರಲಿಲ್ಲ. ಹೊರಕೋಣೆಯಲ್ಲೇ ಕಂಡಕ್ಟರಮ್ಮ ಮಲಗಿದ್ದಳು. ಅರಿವಳಿಕೆ ಡಾಕ್ಟರು ಅವಳ ನಾಡಿ ನೋಡುತ್ತಿದ್ದರು. ಹಾಜರಪ್ಪ ಟ್ರೇ ಹಿಡಿದು ಪಕ್ಕದಲ್ಲಿ ನಿಂತಿದ್ದ. ಸಿರಿಂಜುಗಳು ಸಾಲಾಗಿದ್ದವು, ಚೀಟಿಗಳು ನೇರವಾಗಿದ್ದವು. ಅವಳೇ ಕಲಿಸಿದ ಅಚ್ಚುಕಟ್ಟು.

“ಸಾರ್, ಆ ಸಿರಿಂಜಲ್ಲಿ ಔಷಧಿ ಇಲ್ಲ. ಉಪ್ಪುನೀರಿದೆ.”

ಡಾಕ್ಟರು ಬೆರಗಾಗಿ ಅವಳ ಕೆದರಿದ ತಲೆಯನ್ನೂ ಗಂಡನ ಕೈಯ ಬಾಟಲಿಯನ್ನೂ ನೋಡಿದರು. ಹಾಜರಪ್ಪನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅವನು ಅತ್ಯಂತ ಮಮತೆಯಿಂದ ಹೇಳಿದ.

“ಅಕ್ಕನಿಗೆ ಮಂಗಳವಾರದ ಮತ್ತು ಇನ್ನೂ ಇಳಿದಿಲ್ಲ ಸಾರ್. ನಿನ್ನೆಯೂ ಹೀಗೇ ಏನೇನೋ ಮಾತಾಡ್ತಿದ್ರು.”

ಅವಳಿಗೆ ಭಯವಾದದ್ದು ಆಗ. ಕಳ್ಳತನಕ್ಕಲ್ಲ, ನೋವಿಗಲ್ಲ. ಮುನ್ನಾದಿನ ಕಾಲು ಹಿಡಿದು ಅತ್ತವನ ಕಣ್ಣೀರು ನಿಜವಾಗಿತ್ತು; ಈ ಸುಳ್ಳು ಅಷ್ಟೇ ನಿಜವಾಗಿತ್ತು. ಎರಡೂ ಒಬ್ಬನಿಂದಲೇ ಬಂದಿದ್ದವು. ಡಾಕ್ಟರು ಮೃದುವಾಗಿ ಅವಳ ಭುಜ ಹಿಡಿದು, “ನಡೀರಿ ದೊಡ್ಡಕ್ಕ, ಮಲಗಿ ನೀವು” ಎಂದರು. ಹೂಂ ಎಂದು ತಿರುಗಿ ನಡೆದಿದ್ದರೆ ಅವಳ ಪಿಂಚಣಿಗೆ ಏನೂ ಆಗುತ್ತಿರಲಿಲ್ಲ. ಹುಚ್ಚಿಯ ಮಾತಿಗೆ ಯಾರು ಲೆಕ್ಕ ಕೇಳುತ್ತಾರೆ? ಕಂಡಕ್ಟರಮ್ಮ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದಳು.

“ಕಪಾಟಿನ ಬುಕ್ಕು ತೆಗೀರಿ ಸಾರ್. ಮಂಗಳವಾರ ಹತ್ತೂವರೆಯ ಸಾಲು ಓದಿ. ನೋಡಿದವರ ಸಹಿ ಯಾರದು?”

ಡಾಕ್ಟರು ಬುಕ್ಕು ತರಿಸಿದರು. ಓದಿದರು. ಇನ್ನೊಮ್ಮೆ ಓದಿದರು.

“ಆ ಹೊತ್ತಿಗೆ ನೀವು ಮೇಜಿನ ಮೇಲಿದ್ರಿ.”

“ಇದ್ದೆ. ಸೋಮವಾರವೇ ಸಹಿ ಹಾಕಿಟ್ಟಿದ್ದೆ. ಮುಂದಿನ ಪುಟಗಳಲ್ಲೂ ಇದೆ, ನೋಡಿ. ಹಿಂದಿನದರಲ್ಲೂ ಎಷ್ಟೋ ನೋಡದೆ ಹಾಕಿದ್ದು. ನನ್ನ ತಪ್ಪನ್ನ ನಾನು ಬರೆದುಕೊಡ್ತೀನಿ. ಈ ಹೆಣ್ಮಗಳಿಗೆ ಮಾತ್ರ ಅದನ್ನ ಕೊಡಬೇಡಿ.”

ಡಾಕ್ಟರು ಟ್ರೇ ಕಸಿದುಕೊಂಡರು. ಕಂಡಕ್ಟರಮ್ಮ ಎದ್ದು ಕೂತು ಕಾಲು ಕೆಳಗಿಟ್ಟಳು. ಹಾಜರಪ್ಪನ ಬಲಗೈ ಜೇಬಿನೊಳಗೆ ಹೋಗಿತ್ತು. ದೊಡ್ಡಕ್ಕ ಹತ್ತಿರ ಹೋಗಿ ಆ ಕೈಯನ್ನು ಹೊರಗೆಳೆದಳು. ಬೆರಳುಗಳ ಸಂದಿಯಲ್ಲಿ ಸೀಸೆಯ ಗಾಜು ಮಿನುಗುತ್ತಿತ್ತು. ಆ ಬೆಳಿಗ್ಗೆ ಕಂಡಕ್ಟರಮ್ಮನಿಗೆಂದು ಕಪಾಟಿನಿಂದ ತೆಗೆದದ್ದು.

“ಕೊಡೋ ತಮ್ಮ.”

“ತಗೊಳ್ಳಿ ಅಕ್ಕ” ಎಂದ ಅವನು. ಈಗ ಅವನ ಕಣ್ಣಲ್ಲಿ ಮತ್ತೆ ನೀರಿತ್ತು. “ನಂಗೂ ಸಾಕಾಗಿದೆ. ತಗೊಂಡುಬಿಡಿ.”

ಅವಳು ಒಂದು ಬೆರಳು ಬಿಡಿಸಿದಳು. ಎರಡನೆಯದನ್ನು ಬಿಡಿಸುವಷ್ಟರಲ್ಲಿ ಮೊದಲಿನದು ಮತ್ತೆ ಮಡಚಿಕೊಂಡಿತು. ಡಾಕ್ಟರು ಅವನ ಮಣಿಕಟ್ಟು ಹಿಡಿದರು, ಅವಳ ಗಂಡ ಬಾಟಲಿ ಹಿಡಿದೇ ಇನ್ನೊಂದು ಕೈ ಹಾಕಿದ. ಅವನು ಕೊಸರಾಡಲಿಲ್ಲ, ಯಾರನ್ನೂ ತಳ್ಳಲಿಲ್ಲ. ಅವನು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಖಾತ್ರಿಯಾಗಿ ಗೊತ್ತಾಗುತ್ತಿತ್ತು. ಮೂರು ಜನ ಸೇರಿದರೂ ಆ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

“ಕೊಟ್ಟೆನಲ್ಲ ಅಕ್ಕ” ಎಂದು ಅವನು ಹೇಳುತ್ತಲೇ ಇದ್ದ. “ಕೊಟ್ಟೆನಲ್ಲ.”